ವಾರದ ಮಟ್ಟಿಗೆ ಒಂದು ಮನೆ

ಶನಿವಾರ ಸಂಜೆ ನಾಲ್ಕರ ಸುಮಾರಿಗೆ ರಾಬಿನ್ ಹುಡ್ಸ್ ಬೇಯ ಇಳಿಜಾರಿನಲ್ಲಿ ನಿಂತರೆ ಇಂಗ್ಲಿಷರ ಸಂಸಾರಗಳು ಒಂದರ ಹಿಂದೊಂದು ಕಣ್ಣೆದುರೇ ಇಳಿದುಹೋಗುತ್ತವೆ. ಕೆಳಪೇಟೆಯಲ್ಲಿ ಹೊರಗಿನವರಿಗೆ ಕಾರು ನಿಲ್ಲಿಸಲು ಜಾಗವಿಲ್ಲ. ಗುಡ್ಡದ ನೆತ್ತಿಯಲ್ಲಿ, ಹಿಂದೆ ರೈಲು ನಿಲ್ದಾಣವಿದ್ದ ಕಡೆ ಗಾಡಿ ಬಿಟ್ಟು, ಸಾಮಾನು ಕೈಯಲ್ಲಿ ಹಿಡಿದೇ ಬರಬೇಕು. ರಸ್ತೆಯ ಇಳಿಜಾರು ಮೂರಕ್ಕೆ ಒಂದು. ನಾಯಿಯ ಹಾಸಿಗೆ, ವೈನ್ ಬಾಟಲಿಗಳ ರಟ್ಟಿನ ಪೆಟ್ಟಿಗೆ, ಗಮ್‌ಬೂಟು, ಏಡಿ ಹಿಡಿಯುವ ಪುಟ್ಟ ಬಲೆ, ಮಗುವನ್ನು ಕೂರಿಸುವ ಎತ್ತರದ ಕುರ್ಚಿ, ಮಳೆ ಹಿಡಿದರೆ ಹೊತ್ತು ಕಳೆಯಲೆಂದು ಇಸ್ಪೀಟು, ಸ್ಕ್ರ್ಯಾಬಲ್ಲು. ನಮ್ಮ ಗುಂಪಿನ ಕೈಯಲ್ಲಿ ಸೋನಾ ಮಸೂರಿ ಅಕ್ಕಿಯ ಚೀಲ, ಐದು ಲೀಟರಿನ ಕುಕ್ಕರು, ಪ್ಲಾಸ್ಟಿಕ್ಕಿನಲ್ಲಿ ಎಷ್ಟು ಸುತ್ತಿದರೂ ಸುಮ್ಮನಿರದ ಇಂಗಿನ ಡಬ್ಬಿ.

ಲೀಡ್ಸ್‌ನಲ್ಲಿ ಡಾಕ್ಟರಾಗಿರುವ ತಂಗಿಯ ಮಗಳು ಈ ಮನೆಯನ್ನು ಚಳಿಗಾಲದಲ್ಲೇ ಗೊತ್ತುಮಾಡಿಟ್ಟಿದ್ದಳು. ಶಾಲೆಗಳಿಗೆ ರಜೆ ಇರುವ ಆಗಸ್ಟ್‌ನಲ್ಲಿ ಕಡಲ ಕರೆಯ ಕಾಟೇಜು ಬೇಕೆಂದರೆ ಅಷ್ಟು ಮುಂಚೆಯೇ ಹಿಡಿಯಬೇಕು. ಬಾಡಿಗೆಯೂ ನವೆಂಬರಿನದಕ್ಕಿಂತ ಬಹಳ ಮೇಲೆ. "ಹೋಟೆಲಾದ್ರೆ ನಿಮಗೆ ಮೂರು ಹೊತ್ತೂ ಬ್ರೆಡ್ಡೇ ಗತಿ ಮಾವ. ಇಲ್ಲಿ ಒಲೆ ನಮ್ಮ ಕೈಯಲ್ಲಿರತ್ತೆ" ಎಂದಿದ್ದಳು. ಇಂಗ್ಲೆಂಡಿನಲ್ಲಿ ಬದುಕು ಕಟ್ಟಿಕೊಂಡ ನಮ್ಮವರು ರಜೆಗೆಂದು ಸೆಲ್ಫ್ ಕೇಟರಿಂಗ್ ಮನೆಗಳನ್ನೇ ಹುಡುಕುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣಲಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ ಜೊತೆಗಿದ್ದಾಗಲಂತೂ ಇದೊಂದೇ ದಾರಿ.

ಊರಿನ ಹೆಸರಿನಲ್ಲಿ ರಾಬಿನ್ ಹುಡ್ ಇದ್ದಾನೆ. ಅವನು ಇಲ್ಲಿ ಕಾಲಿಟ್ಟಿದ್ದಕ್ಕೆ ಆಧಾರವೇನೂ ಇಲ್ಲ. ಇಲ್ಲಿಯವರು ಅಷ್ಟುದ್ದ ಹೇಳುವುದೂ ಇಲ್ಲ, ಬರೀ 'ಬೇ' ಅನ್ನುತ್ತಾರೆ. ಉತ್ತರ ಯಾರ್ಕ್‌ಷೈರಿನ ಕಡಲ ಅಂಚಿನಲ್ಲಿ, ವಿಟ್‌ಬಿಯಿಂದ ಐದಾರು ಮೈಲಿ ದಕ್ಷಿಣಕ್ಕೆ, ಕಡಿದಾದ ಬಂಡೆಯ ಸೀಳಿಗೆ ಕಚ್ಚಿಕೊಂಡ ಬೆಸ್ತರ ಊರು. ಕಂದು ಕಲ್ಲಿನ ಗೋಡೆ, ಕೆಂಪು ಹಂಚು. ಒಂದು ಮನೆಯ ಹೊಸ್ತಿಲಿನ ಮಟ್ಟಕ್ಕೆ ಕೆಳಗಿನ ಮನೆಯ ಮಾಡು ಬರುತ್ತದೆ. ಓಣಿಗಳು ಎಷ್ಟು ಇಕ್ಕಟ್ಟೆಂದರೆ ಎದುರಿಗೆ ಯಾರಾದರೂ ಬಂದರೆ ಒಬ್ಬರು ಯಾರದೋ ಮೆಟ್ಟಿಲು ಹತ್ತಿ ನಿಂತು ದಾರಿ ಬಿಡಬೇಕು. ಹದಿನೆಂಟನೆಯ ಶತಮಾನದಲ್ಲಿ ಇದು ಕಳ್ಳಸಾಗಣೆಗೆ ಹೆಸರಾದ ತಾಣ. ಫ್ರಾನ್ಸ್‌, ಹಾಲೆಂಡ್‌ಗಳಿಂದ ಜಿನ್, ಬ್ರಾಂದಿ, ತಂಬಾಕು, ರೇಷ್ಮೆ ಬಂದಿಳಿಯುತ್ತಿದ್ದವು. ಕಡಲ ಬದಿಯಲ್ಲಿ ಇಳಿಸಿದ ರೇಷ್ಮೆಯ ಗಂಟು ಮನೆಯಿಂದ ಮನೆಗೆ ದಾಟುತ್ತಾ, ಒಮ್ಮೆಯೂ ಬೀದಿಗೆ ಬೀಳದೆ ಗುಡ್ಡದ ನೆತ್ತಿ ಮುಟ್ಟುತ್ತಿತ್ತು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಈ ಗೋಡೆಗಳು ಒಂದಕ್ಕೊಂದು ಆತುಕೊಂಡಿರುವ ರೀತಿ ನೋಡಿದರೆ ಅದನ್ನು ನಂಬುವುದು ಕಷ್ಟವಲ್ಲ.

ನಮ್ಮ ಕಾಟೇಜಿನ ಬಾಗಿಲು ಎಷ್ಟು ಗಿಡ್ಡವೆಂದರೆ ಆರಡಿಯ ಅಳಿಯ ವಾರವಿಡೀ ತಲೆಬಾಗಿಯೇ ಓಡಾಡಿದ. ಬಾಗಿಲು ತೆರೆಯಲು ಯಾರೂ ಇರುವುದಿಲ್ಲ. ಕಲ್ಲಿನ ಚೌಕಟ್ಟಿನ ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ. ಅದಕ್ಕೊಂದು ರಬ್ಬರಿನ ಮುಚ್ಚಳ, ಮುಚ್ಚಳದಡಿ ನಾಲ್ಕು ಅಂಕಿಯ ಬೀಗ. ಮೊಬೈಲಿಗೆ ಬಂದ ಸಂಖ್ಯೆ ತಿರುಗಿಸಿದರೆ ಪೆಟ್ಟಿಗೆಯ ಬಾಯಿ ಕೆಳಕ್ಕೆ ಬಿದ್ದು ಕೀಲಿ ಕೈಗೆ ಬರುತ್ತದೆ. ಮನೆಯ ಯಜಮಾನರು ಯಾರು, ಎಲ್ಲಿಯವರು ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ನಮ್ಮ ಕೊಡಗಿನ, ಮಲೆನಾಡಿನ ಹೋಂಸ್ಟೇಗಳಲ್ಲಿ ಬಂದವರನ್ನು ಮಾತನಾಡಿಸದೆ, ಮನೆಯಲ್ಲೇ ಮಾಡಿದ ಕಡುಬನ್ನು ಒತ್ತಾಯಿಸಿ ಬಡಿಸದೆ ಬಿಡುವುದಿಲ್ಲ; ಅಲ್ಲಿ ದುಡ್ಡು ಕೊಡುವುದು ಆತಿಥ್ಯಕ್ಕೆ. ಇಲ್ಲಿ ದುಡ್ಡು ಕೊಡುವುದು ಯಾರೂ ನಮ್ಮನ್ನು ವಿಚಾರಿಸಿಕೊಳ್ಳದಿರಲಿ ಎಂದು. ಎರಡರಲ್ಲೂ ಸುಖವಿದೆ. ವಯಸ್ಸಾದಂತೆ ನನಗೆ ಎರಡನೆಯದರ ರುಚಿ ಹತ್ತುತ್ತಿದೆ.

ಒಳಗೆ ಮೇಜಿನ ಮೇಲೆ ಸ್ವಾಗತದ ತಟ್ಟೆ. ಒಂದು ಪೊಟ್ಟಣ ಟೀ, ಸಣ್ಣ ಹಾಲಿನ ಬಾಟಲಿ, ಜ್ಯಾಮು, ಬಟ್ಟೆ ಮುಚ್ಚಿದ ನಾಲ್ಕು ಸ್ಕೋನು. ಎಲ್ಲ ಕಾಟೇಜುಗಳಲ್ಲೂ ಹೆಚ್ಚುಕಡಿಮೆ ಇದೇ ಶಾಸ್ತ್ರ. ಆದರೆ ಈ ಊರಿನಲ್ಲಿ ಟೀ ಪೊಟ್ಟಣಕ್ಕೆ ಬೇರೆಯೇ ತೂಕವಿದೆ. 1784ರವರೆಗೆ ಬ್ರಿಟನ್ನಿನಲ್ಲಿ ಚಹಾದ ಮೇಲಿನ ಸುಂಕ ನೂರಕ್ಕೆ 119. ಅಂದರೆ ಸರಕಿಗಿಂತ ಸುಂಕವೇ ಹೆಚ್ಚು. ಹೀಗಾಗಿ ಬ್ರಾಂದಿಯ ಜೊತೆ ಚಹಾ ಸೊಪ್ಪೂ ರಾತ್ರೋರಾತ್ರಿ ಇದೇ ಓಣಿಗಳನ್ನು ಹತ್ತುತ್ತಿತ್ತು. ಆ ವರ್ಷ ಸುಂಕವನ್ನು ಹನ್ನೆರಡೂವರೆಗೆ ಇಳಿಸಿದ ಮೇಲೆ ಆ ವ್ಯಾಪಾರದ ಲಾಭವೇ ಹೋಯಿತು. ಸರ್ಕಾರವೊಂದು ತೆರಿಗೆ ಇಳಿಸಿ ಕಳ್ಳರನ್ನು ಗೆದ್ದ ಪ್ರಸಂಗ, ಅಪರೂಪಕ್ಕೆ.

ಅಡುಗೆಮನೆಗೆ ಬರೋಣ, ಏಕೆಂದರೆ ಇಂಥ ಮನೆಗಳ ಗುಣಾವಗುಣ ತಿಳಿಯುವುದು ಅಲ್ಲೇ. ವೈನ್ ಕುಡಿಯುವ ಗಾಜಿನ ಲೋಟಗಳು ಹನ್ನೆರಡು. ಅನ್ನ ಮಾಡಲು ಸಾಲುವ ಪಾತ್ರೆ ಒಂದೂ ಇಲ್ಲ. ಬೇಯಿಸಿದ ಮೊಟ್ಟೆಯನ್ನು ನಿಲ್ಲಿಸಲು ಪಿಂಗಾಣಿ ಬಟ್ಟಲು ಆರು; ಹುಳಿಯನ್ನು ಬಡಿಸಲು ಸೌಟು ಒಂದೇ, ಅದೂ ತೂತಿನದು. ಚಾಕುಗಳಂತೂ ಮೊಂಡು. ಬಾಡಿಗೆ ಮನೆಯ ಚಾಕು ಹರಿತವಿರಬಾರದೆಂದು ಈ ದೇಶದಲ್ಲಿ ಕಾನೂನೇ ಇದೆಯೇನೋ ಎಂದು ನನ್ನ ಹೆಂಡತಿಗೆ ಅನುಮಾನ. ಆಕೆ ಕಪ್ಪಿನ ತಳದ ಒರಟು ಅಂಚಿಗೆ ಚಾಕುವನ್ನು ಉಜ್ಜಿ ಉಜ್ಜಿ ಈರುಳ್ಳಿ ಹೆಚ್ಚುವ ಮಟ್ಟಕ್ಕೆ ತಂದಳು. ಕೊತ್ತಂಬರಿ, ಹಸಿಮೆಣಸು, ಶುಂಠಿ ವಿಟ್‌ಬಿಯ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತವೆ. ಕರಿಬೇವು ಮಾತ್ರ ಲೀಡ್ಸ್‌ನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬರಬೇಕು.

ಒಲೆ ಎಂದರೆ ಕಪ್ಪು ಗಾಜಿನ ಹಲಗೆ. ಮುಟ್ಟಿದರೆ ಅಡಿಯಲ್ಲಿ ಕೆಂಪು ಬಳೆ ಹೊತ್ತಿಕೊಳ್ಳುತ್ತದೆ. ಉರಿ ಸಣ್ಣದು ಮಾಡಿದೆವೆಂದು ನಾವು ತಿಳಿದರೂ ಗಾಜು ತಣ್ಣಗಾಗಲು ತನ್ನ ಸಮಯ ತಾನು ತೆಗೆದುಕೊಳ್ಳುತ್ತದೆ. ಹೀಗಾಗಿ ಮೊದಲ ಸಂಜೆಯ ಒಗ್ಗರಣೆ ಕೈ ಮೀರಿತು. ಸಾಸಿವೆ ಸಿಡಿಯಿತು, ಒಣಮೆಣಸು ಕಪ್ಪಾಯಿತು, ಘಾಟು ಎದ್ದು ಎಲ್ಲರೂ ಕೆಮ್ಮುವಷ್ಟರಲ್ಲಿ ಮನೆಯ ಮೂರೂ ಅಂತಸ್ತಿನಲ್ಲಿ ಒಟ್ಟಿಗೇ ಗಂಟೆ ಕಿರುಚಿತು. 2023ರ ಅಕ್ಟೋಬರಿನಿಂದ ಇಂಗ್ಲೆಂಡಿನಲ್ಲಿ ಇಂಥ ಸಣ್ಣ ಬಾಡಿಗೆ ಮನೆಗಳಿಗೂ ಬೆಂಕಿ ಅಪಾಯದ ಲಿಖಿತ ಪರಿಶೀಲನೆ ಕಡ್ಡಾಯವಾಗಿದೆ. ಒಂದು ಕಡೆ ಹೊಗೆ ಕಂಡರೆ ಎಲ್ಲ ಕೋಣೆಗಳಲ್ಲೂ ಕೂಗುವಂತೆ ಗಂಟೆಗಳನ್ನು ಒಂದಕ್ಕೊಂದು ಜೋಡಿಸಿರಬೇಕು ಎನ್ನುವುದು ಸರ್ಕಾರದ ಸಲಹೆ. ಅಡುಗೆಮನೆಯಲ್ಲಿ ಇರುವುದು ಬಿಸಿಯನ್ನಷ್ಟೇ ಗುರುತಿಸುವ ಗಂಟೆ, ಅದಕ್ಕೆ ಒಗ್ಗರಣೆಯ ಗೊಡವೆಯಿಲ್ಲ. ಬೆಸ್ತರ ಹಳೆಯ ಮನೆಯಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲಿಲ್ಲ, ಹಾಲಿನಲ್ಲಿರುವುದು ಹೊಗೆಯ ಗಂಟೆ. ಅಳಿಯ ಕುರ್ಚಿ ಹತ್ತಿ ಟವಲು ಬೀಸಿದ, ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು, ಎದುರು ಮನೆಯ ಕಿಟಕಿಯಿಂದ ಒಬ್ಬರು ಇಣುಕಿ, ಸೌಟು ಹಿಡಿದು ನಿಂತ ನನ್ನ ಹೆಂಡತಿಯನ್ನು ಕಂಡು ಕೈಬೀಸಿ ಒಳಹೋದರು. ಮರುದಿನದಿಂದ ಒಗ್ಗರಣೆಯ ಬಾಣಲೆಯನ್ನು ಎಣ್ಣೆ ಕಾದ ಕೂಡಲೇ ಹಿಂಬಾಗಿಲಾಚೆ ಒಯ್ದು, ಗುಬ್ಬಚ್ಚಿಗಳಿಗೆ ಕೇಳುವಂತೆ ಸಿಡಿಸಿ ತರುವ ಪದ್ಧತಿ ಬಂತು.

ಹೀಗೆ ತಮ್ಮ ಅಡುಗೆ ತಾವೇ ಮಾಡಿಕೊಳ್ಳುವ ರಜೆ ಇಂಗ್ಲಿಷರಿಗೂ ತೀರಾ ಹಳೆಯದಲ್ಲ. ವಿಕ್ಟೋರಿಯಾ ಕಾಲದಲ್ಲಿ ಕಡಲತೀರಕ್ಕೆ ಹೋದವರು ಯಾವುದೋ ಮನೆಯೊಡತಿಯ ಕೋಣೆ ಹಿಡಿಯುತ್ತಿದ್ದರು. ಮಾಂಸ ತರಕಾರಿ ಅವರೇ ಪೇಟೆಯಿಂದ ತಂದು ಕೊಡುವುದು, ಮನೆಯೊಡತಿ ಬೇಯಿಸಿ ಬಡಿಸುವುದು. ಮೇಜಿನ ಮೇಲಿನ ಉಪ್ಪು, ಮೆಣಸಿನಪುಡಿ, ವಿನೆಗರಿಗೆ ಕೆಲವು ಕಡೆ ಬೇರೆ ಲೆಕ್ಕ! 1938ರಲ್ಲಿ ಸಂಬಳಸಹಿತ ರಜೆಯ ಕಾನೂನು ಬಂದು, ಯುದ್ಧ ಮುಗಿದು, ಮನೆಮನೆಗೆ ಕಾರು ಬಂದ ಮೇಲೆ ಮನೆಯೊಡತಿಯರ ಕಣ್ಗಾವಲು ಬೇಡವೆನಿಸಿತು. ಅದೇ ಹೊತ್ತಿಗೆ ಮೀನುಗಾರಿಕೆ ಸೊರಗಿ ಇಂಥ ಊರುಗಳಲ್ಲಿ ಮನೆಗಳು ಅಗ್ಗಕ್ಕೆ ಸಿಗುತ್ತಿದ್ದವು. 1885ರಲ್ಲಿ ಬಂದಿದ್ದ ಸ್ಕಾರ್ಬರೋ–ವಿಟ್‌ಬಿ ರೈಲು 1965ರಲ್ಲಿ ನಿಂತಿತು. ಈಗ ಆ ಹಳಿಯ ಜಾಗ ಸೈಕಲ್ಲಿನವರ, ನಡೆಯುವವರ ಹಾದಿ.

ಬಾಡಿಗೆಗೆ ಸಿಗುವ ಮನೆಗಳಲ್ಲಿ ವಿಚಿತ್ರವಾದವೂ ಉಂಟು. ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಸಂಸ್ಥೆ 1965ರಿಂದ ಬಿದ್ದುಹೋಗುವ ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿ, ಆ ಖರ್ಚಿಗೆಂದೇ ರಜೆಯವರಿಗೆ ಕೊಡುತ್ತದೆ. ಟಿವಿ ಇಡುವುದಿಲ್ಲ. ಬೇಯ ಹಿಂದಿನ ಗುಡ್ಡದಲ್ಲಿ ಅವರದೊಂದು ಹಂದಿಗೂಡಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫೈಲಿಂಗ್ ಹಾಲ್‌ನ ಜಮೀನ್ದಾರ ಬ್ಯಾರಿ ಎಂಬಾತ ತನ್ನ ಹಂದಿಗಳ ಜೋಡಿಗೆಂದು ಗ್ರೀಕ್ ದೇವಾಲಯದ ಮಾದರಿಯಲ್ಲಿ, ಮುಂದೆ ಸಾಲುಕಂಬ ನಿಲ್ಲಿಸಿ ಕಟ್ಟಿಸಿದ ಗೂಡು. ಈಗ ಅಲ್ಲಿ ಗಂಡಹೆಂಡತಿ ಇಬ್ಬರು ಆರಾಮವಾಗಿ ಇಳಿದುಕೊಳ್ಳಬಹುದು. ಕಿಟಕಿಯಿಂದ ಕಡಲು ಕಾಣುತ್ತದೆ. ಹಂದಿಗಳಿಗೂ ಕಾಣುತ್ತಿತ್ತು.

ಬೇಯಲ್ಲಿ ದಿನಚರಿ ಬರೆಯುವುದು ಗಡಿಯಾರವಲ್ಲ, ಉಬ್ಬರವಿಳಿತ. ಪ್ರತಿ ಕಾಟೇಜಿನಲ್ಲೂ ಒಂದು ಕಡತವಿರುತ್ತದೆ: ವೈಫೈ ಪಾಸ್‌ವರ್ಡು, ಬಾಯ್ಲರಿನ ಗುಂಡಿ, ಯಾವ ಬಣ್ಣದ ಕಸದ ಡಬ್ಬಿ ಯಾವ ವಾರ. ಅದರ ಜೊತೆಗೆ ಇಲ್ಲಿ ಉಬ್ಬರದ ಪಟ್ಟಿಯೂ ಇತ್ತು. ಉಬ್ಬರದಲ್ಲಿ ನೀರು ದೋಣಿ ಇಳಿಸುವ ಕಲ್ಲುಹಾಸನ್ನು ಏರಿ ಹೋಟೆಲಿನ ಗೋಡೆಗೆ ಅಪ್ಪಳಿಸುತ್ತದೆ. ಆರು ಗಂಟೆ ಕಳೆದು ಹೋದರೆ ಕಡಲೇ ಅಲ್ಲಿಲ್ಲ. ಕಣ್ಣು ಹಾಯುವಷ್ಟು ದೂರ ಬಂಡೆಯ ಹಾಸು, ಅದೂ ಒಂದರೊಳಗೊಂದು ಬಾಗಿದ ಕಮಾನುಗಳಾಗಿ. ಭೂಮಿ ಇಲ್ಲಿ ಗುಮ್ಮಟವಾಗಿ ಉಬ್ಬಿತ್ತು, ಅದರ ನೆತ್ತಿಯನ್ನು ಅಲೆಗಳು ಸವೆಸಿ ಪದರಗಳ ಅಂಚು ಮಾತ್ರ ಉಳಿಸಿವೆ. ಬಂಡೆಯ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಏಡಿ, ಸೀಗಡಿಯ ಮರಿ, ಮುಟ್ಟಿದರೆ ಮುದುಡುವ ಕೆಂಪು ಕಡಲಹೂವು. ಮಕ್ಕಳು ಬಲೆ ಹಿಡಿದು ಬಾಗಿದರೆ ಮತ್ತೆ ಕರೆದರೂ ಬರುವವರಲ್ಲ. ದೊಡ್ಡವರು ಮಾತ್ರ ಪಟ್ಟಿಯ ಮೇಲೆ ಒಂದು ಕಣ್ಣಿಟ್ಟಿರಬೇಕು. ನೀರು ತಿರುಗಿದರೆ ಬಂಡೆಮಲೆಯ ಬುಡದಲ್ಲಿ ಸಿಕ್ಕಿಕೊಂಡವರಿಗೆ ಹತ್ತಲು ದಾರಿಯಿಲ್ಲ.

ಇದೇ ಹಾಸಿನ ಮೇಲೆ ಮೊಮ್ಮಗಳು ಒಂದು ಕಪ್ಪು ಕಲ್ಲನ್ನು ಎತ್ತಿ ತಂದಳು. ಅಂಗೈಯಗಲ, ನೀರಿಗೆ ಸವೆದು ನುಣುಪಾಗಿತ್ತು. ಒಂದು ಮಗ್ಗುಲಲ್ಲಿ ಸುರುಳಿ, ಸುರುಳಿಯ ಮೇಲೆ ಒತ್ತೊತ್ತಾಗಿ ಗೆರೆ. ನನ್ನ ಹೆಂಡತಿ ಅದನ್ನು ತಟ್ಟನೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳ ತವರಿನ ದೇವರ ಪೆಟ್ಟಿಗೆಯಲ್ಲಿ ಇಂಥದೇ ಚಕ್ರವಿರುವ ಸಾಲಿಗ್ರಾಮವಿದೆ. ಗಂಡಕಿ ನದಿಯಿಂದ ಬಂದ ಸಾಲಿಗ್ರಾಮವೂ ಬೇಯ ಈ ಕಲ್ಲೂ ಒಂದೇ ಬಳಗದ ಪ್ರಾಣಿ: ಡೈನೋಸಾರುಗಳ ಕಾಲದಲ್ಲಿ ಕಡಲಲ್ಲಿದ್ದ ಅಮೊನೈಟ್. ಅಲ್ಲಿ ಅದು ವಿಷ್ಣುವಾಯಿತು, ಇಲ್ಲಿ ಹಾವಾಯಿತು. ವಿಟ್‌ಬಿಯ ಮಠವನ್ನು 657ರಲ್ಲಿ ಸ್ಥಾಪಿಸಿದ ಸಂತ ಹಿಲ್ಡಾ ಅಲ್ಲಿ ತುಂಬಿಕೊಂಡಿದ್ದ ಹಾವುಗಳನ್ನೆಲ್ಲ ಕಲ್ಲಾಗಿಸಿದಳಂತೆ. ಹಾವಿಗೆ ತಲೆ ಎಲ್ಲಿ ಎಂದು ಕೇಳುವವರಿಗಾಗಿ ಹಿಂದಿನ ಕಾಲದ ವ್ಯಾಪಾರಿಗಳು ಸುರುಳಿಯ ತುದಿಗೆ ತಲೆಯನ್ನೂ ಕೆತ್ತಿ ಮಾರುತ್ತಿದ್ದರು. ವಿಟ್‌ಬಿ ಪಟ್ಟಣದ ಲಾಂಛನದಲ್ಲಿ ಇಂಥ ಮೂರು ಸುರುಳಿಗಳಿವೆ. ವಿಜ್ಞಾನಿಗಳು ಒಂದು ಕುಲಕ್ಕೆ ಆ ಸಂತಳ ಹೆಸರನ್ನೇ ಇಟ್ಟು ಹಿಲ್ಡೊಸೆರಾಸ್ ಎಂದರು. ಮೊಮ್ಮಗಳ ಕಲ್ಲಿಗೆ ಆ ಸಂಜೆ ಅಡುಗೆಮನೆಯ ಕಿಟಕಿಯಲ್ಲಿ ಒಂದು ಕಾಳು ಅಕ್ಷತೆ ಬಿತ್ತು. ಯಾರು ಹಾಕಿದರೆಂದು ನಾನು ಕೇಳಲಿಲ್ಲ.

ಕೆಳಗಿನ ಹೋಟೆಲಿನ ಮುಂದೆ ಬೆನ್ನಿಗೆ ಚೀಲ ಕಟ್ಟಿದ, ಮೊಣಕಾಲಿಗೆ ಪಟ್ಟಿ ಸುತ್ತಿದ ಜನ ಬಂದು ಬೂಟು ಸಮೇತ ನೀರಿಗಿಳಿಯುವುದು ದಿನನಿತ್ಯದ ನೋಟ. ಆಲ್ಫ್ರೆಡ್ ವೈನ್‌ರೈಟ್ 1973ರಲ್ಲಿ ಪುಸ್ತಕ ಬರೆದು ಗುರುತುಹಾಕಿದ, ಪಶ್ಚಿಮ ಕಡಲಿನ ಸೇಂಟ್ ಬೀಸ್‌ನಿಂದ ಇಲ್ಲಿಗೆ ಸುಮಾರು 190 ಮೈಲಿಯ ಕಾಲುದಾರಿ ಮುಗಿಯುವುದು ಈ ಕಲ್ಲುಹಾಸಿನಲ್ಲಿ. ಆ ಕಡಲಿನ ತೀರದಲ್ಲಿ ಹೆಕ್ಕಿದ ಕಲ್ಲಿನ ಹರಳನ್ನು ಜೇಬಿನಲ್ಲಿ ಹೊತ್ತು ತಂದು ಈ ಕಡಲಿಗೆ ಎಸೆಯುತ್ತಾರೆ. ಆಮೇಲೆ ಬಿಯರು.

ರಜೆಯವರಿಗೆ ಮುದ್ದಾಗಿ ಕಾಣುವ ಈ ನೀರು ಊರಿನವರಿಗೆ ಎಂದೂ ಮುದ್ದಾಗಿರಲಿಲ್ಲ. 1881ರ ಜನವರಿಯ ಹಿಮಗಾಳಿಯಲ್ಲಿ ಒಂದು ಹಡಗು ಬೇಯಲ್ಲಿ ಮುಳುಗತೊಡಗಿತು. ಅದರ ಹೆಸರೇ 'ವಿಸಿಟರ್'. ನಾವಿಕರು ಸಣ್ಣ ದೋಣಿಯೊಂದರಲ್ಲಿ ಹಡಗಿನ ಮರೆಗೆ ಅಂಟಿಕೊಂಡಿದ್ದರು. ವಿಟ್‌ಬಿಯ ರಕ್ಷಣಾ ದೋಣಿಯನ್ನು ಕಡಲ ದಾರಿಯಲ್ಲಿ ತರುವಂತಿರಲಿಲ್ಲ. ಹಾಗಾಗಿ ಅದನ್ನು ಗಾಡಿಗೇರಿಸಿ, ಹದಿನೆಂಟು ಕುದುರೆ ಕಟ್ಟಿ, ಆಳೆತ್ತರದ ಹಿಮವನ್ನು ಗುದ್ದಲಿಯಲ್ಲಿ ಸರಿಸುತ್ತ ಗುಡ್ಡದ ಮೇಲೆ ಆರು ಮೈಲಿ ಎಳೆದು ತಂದರು. ಕೊನೆಗೆ ನಾವು ಸಾಮಾನು ಹೊತ್ತು ಇಳಿದ ಇದೇ ಇಳಿಜಾರಿನಲ್ಲಿ ಹಗ್ಗ ಹಿಡಿದು ದೋಣಿಯನ್ನು ಇಳಿಸಿದರು. ಹಡಗಿನವರೆಲ್ಲ ಬದುಕಿದರು. ಕಡಲು ಮನೆಗಳನ್ನೂ ಬಿಟ್ಟಿಲ್ಲ. ಊರಿನ ಹಳೆಯ ಮುಖ್ಯರಸ್ತೆಯೇ ಹದಿನೆಂಟನೆಯ ಶತಮಾನದಲ್ಲಿ ಕುಸಿದು ಹೋಯಿತು. 1975ರಲ್ಲಿ ಕಟ್ಟಿದ ನಲವತ್ತಡಿ ಎತ್ತರದ ಕಾಂಕ್ರೀಟ್ ಗೋಡೆಯಿಂದಾಗಿ ಉಳಿದದ್ದು ಉಳಿದಿದೆ. ನೋಡಲು ಚೆಂದವಿಲ್ಲ, ಫೋಟೋ ತೆಗೆಯುವವರು ಅದನ್ನು ಬಿಟ್ಟು ತೆಗೆಯುತ್ತಾರೆ.

ಕೊಲ್ಲಿಯ ದಕ್ಷಿಣದ ಕೊನೆಗೆ ಆರುನೂರು ಅಡಿಯ ಬಂಡೆಯ ಮೇಲಿರುವುದು ರೇವನ್‌ಸ್ಕಾರ್. ಅಲ್ಲಿ ನೋಡಲು ಇರುವುದು ಎರಡು ಸೋಲು. ಮೊದಲನೆಯದು ಪಟಿಕದ ಕಾರ್ಖಾನೆ. ಕ್ಷೌರಿಕರು ಗಾಯಕ್ಕೆ ಒತ್ತುವ, ಬಣ್ಣಗಾರರು ಬಟ್ಟೆಗೆ ಬಣ್ಣ ಕೂರಿಸಲು ಬಳಸುವ ಅದೇ ಪಟಿಕ. ಬಂಡೆಯ ಜೇಡಿಗಲ್ಲನ್ನು ತಿಂಗಳುಗಟ್ಟಲೆ ಸುಟ್ಟು, ನೀರಿನಲ್ಲಿ ನೆನೆಸಿ, ಆ ನೀರನ್ನು ಕುದಿಸಿ, ಹಳಸಿದ ಮೂತ್ರ ಬೆರೆಸುತ್ತಿದ್ದರು. ಊರಿನ ಮೂತ್ರ ಸಾಲದೆ ಲಂಡನ್ನಿನಿಂದ ಹಡಗಿನಲ್ಲಿ ಪೀಪಾಯಿಗಟ್ಟಲೆ ಬರುತ್ತಿತ್ತು. ದ್ರವ ಹದಕ್ಕೆ ಬಂತೇ ಎಂದು ನೋಡಲು ಕೋಳಿಮೊಟ್ಟೆ ಹಾಕುವುದು, ತೇಲಿದರೆ ಹದ. ರಾಸಾಯನಿಕವಾಗಿ ಪಟಿಕ ಮಾಡುವ ಅಗ್ಗದ ದಾರಿ ಸಿಕ್ಕಿದ್ದೇ ಹತ್ತೊಂಬತ್ತನೆಯ ಶತಮಾನದಲ್ಲಿ ಒಲೆಗಳು ಆರಿದವು.

ಎರಡನೆಯ ಸೋಲು ನಮ್ಮ ವಿಷಯಕ್ಕೆ ಹತ್ತಿರದ್ದು. 1890ರ ದಶಕದಲ್ಲಿ ಒಂದು ಕಂಪನಿ ಇಲ್ಲಿ ಸ್ಕಾರ್ಬರೋಗೆ ಸರಿಸಾಟಿಯಾದ ರಜೆಯ ಪಟ್ಟಣ ಕಟ್ಟುತ್ತೇವೆಂದು ಹೊರಟಿತು. ರಸ್ತೆ ಹಾಕಿದರು, ಚರಂಡಿ ತೋಡಿದರು, ನಿವೇಶನಗಳನ್ನು ಮಾರಾಟಕ್ಕಿಟ್ಟರು. ಕೊಳ್ಳಲು ಬಂದವರು ನಿಲ್ದಾಣದಲ್ಲಿ ಇಳಿದು ಗಾಳಿಗೆ ಟೋಪಿ ಹಿಡಿದುಕೊಂಡರು. ಕಡಲತೀರ ಎಲ್ಲಿ ಎಂದು ಕೇಳಿದರೆ ಬಂಡೆಯ ಕೆಳಗೆ, ಅದೂ ಬರೀ ಕಲ್ಲು. 1913ರಲ್ಲಿ ಕಂಪನಿ ದಿವಾಳಿ. ಹುಲ್ಲಿನ ನಡುವೆ ಎಲ್ಲಿಗೂ ಹೋಗದ ಅಗಲ ರಸ್ತೆಗಳು, ಅಲ್ಲೊಂದು ಇಲ್ಲೊಂದು ಮನೆ, ಇಷ್ಟೇ ಈಗ ಉಳಿದಿರುವುದು. ರಜೆಗೆಂದೇ ನಕ್ಷೆ ಹಾಕಿ ಹೊರಟ ಊರು ಹುಟ್ಟಲೇ ಇಲ್ಲ. ಮೂರು ಮೈಲಿ ಆಚೆ, ಮೀನು ಹಿಡಿದು ಬದುಕಲೆಂದು ಹೇಗೆ ಹೇಗೋ ಬೆಳೆದ ಬೇ ಇಡಿಯಾಗಿ ರಜೆಯವರ ಪಾಲಾಯಿತು.

ಮಳೆ ಬಾರದ ದಿನ ಒಳನಾಡಿಗೆ ಹೋಗಿಬರಬಹುದು. 1952ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ನಾರ್ತ್ ಯಾರ್ಕ್ ಮೂರ್ಸ್‌ನ ಒಳಭಾಗ ಅರ್ಧ ಗಂಟೆಯ ದಾರಿ. ಮರವಿಲ್ಲದ ಬೋಳು ಗುಡ್ಡ. ಆಗಸ್ಟ್‌ನಲ್ಲಿ ಮಾತ್ರ ಹೆದರ್ ಹೂಬಿಟ್ಟು ದಿಗಂತದವರೆಗೆ ನೇರಳೆ. ಅದು ಕಾಡು ತಾನಾಗಿ ಬೆಳೆದ ಚೆಲುವಲ್ಲ. ಗ್ರೌಸ್ ಹಕ್ಕಿಯ ಬೇಟೆಗೆಂದು ಪೊದೆಯನ್ನು ಸರದಿಯಂತೆ ಸುಟ್ಟು, ಕುರಿ ಮೇಯಿಸಿ ಹಾಗೆ ಉಳಿಸಿದ್ದು. ಆಗಸ್ಟ್ 12ಕ್ಕೆ ಕೋವಿಗಳು ಬರುತ್ತವೆ. ನಡುವೆ ಹೋಲ್ ಆಫ್ ಹಾರ್ಕಮ್ ಎಂಬ ನಾನೂರು ಅಡಿ ಆಳದ ಬಟ್ಟಲು. ವೇಡ್ ಎಂಬ ರಾಕ್ಷಸ ಹೆಂಡತಿಯ ಮೇಲೆ ಎಸೆಯಲು ಒಂದು ಬೊಗಸೆ ಮಣ್ಣು ಬಾಚಿದ ಗುರುತಂತೆ. ಅದರಾಚೆ ಮೊಂಡು ಪಿರಮಿಡ್ಡಿನ ಆಕಾರದಲ್ಲಿ ಫೈಲಿಂಗ್‌ಡೇಲ್ಸ್‌ನ ರೇಡಾರು, ಕ್ಷಿಪಣಿ ಬರುತ್ತದೆಯೇ ಎಂದು 1963ರಿಂದ ಕಾಯುತ್ತಿರುವ ಸೇನಾ ನೆಲೆ. ಮಕ್ಕಳಿಗೆ ಇದ್ಯಾವುದೂ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಗೋತ್‌ಲ್ಯಾಂಡ್ ನಿಲ್ದಾಣ. ಹ್ಯಾರಿ ಪಾಟರ್ ಮೊದಲ ಸಿನಿಮಾದ ಹಾಗ್ಸ್‌ಮೀಡ್ ಅದೇ. 1836ರಲ್ಲಿ ಕುದುರೆಗಳು ಎಳೆಯುತ್ತಿದ್ದ, 1965ರಲ್ಲಿ ಮುಚ್ಚಿದ ಈ ಹಳಿಯನ್ನು ರೈಲುಪ್ರೇಮಿಗಳು ಸೇರಿ 1973ರಲ್ಲಿ ಮತ್ತೆ ತೆರೆದರು. ಉಗಿಬಂಡಿ ಹೊರಡುವ ಮೊದಲು ಹಳಿಯ ಪಕ್ಕದ ಕುರಿಗಳು ಸೀಟಿಗೆ ತಲೆ ಕೂಡ ಎತ್ತಲಿಲ್ಲ.

ವಿಟ್‌ಬಿಗೂ ಹೋದೆವು. ಜನ 199 ಮೆಟ್ಟಿಲು ಹತ್ತಿ ಪಾಳುಮಠ ನೋಡುತ್ತಾರೆ, 1890ರಲ್ಲಿ ಇಲ್ಲಿ ರಜೆ ಕಳೆದ ಬ್ರಾಮ್ ಸ್ಟೋಕರನ ಡ್ರಾಕುಲಾನನ್ನು ಹುಡುಕುತ್ತಾರೆ. ನನಗೆ ನೆನಪಿರುವುದು ಮೆಟ್ಟಿಲ ಬುಡದ ಓಣಿಯ ಹೊಗೆಮನೆ. 1872ರಿಂದ ಹೆರಿಂಗ್ ಮೀನನ್ನು ಸೀಳಿ, ಕೊಕ್ಕೆಗೆ ಸಿಕ್ಕಿಸಿ, ಮರದ ಹೊಗೆಯಲ್ಲಿ ಒಣಗಿಸುವ ಒಂದೇ ಕೋಣೆ. ಗೋಡೆಗೆ ಡಾಂಬರಿನಷ್ಟು ದಪ್ಪ ಮಸಿ. ಹೆರಿಂಗು ನಮ್ಮ ಬೂತಾಯಿಯ ಹತ್ತಿರದ ನಂಟ. ಮಂಗಳೂರು ಕಡೆಯ ಅಳಿಯ ಒಂದು ಜೋಡಿ ಕೊಂಡ. ಅದನ್ನು ಬೇಯಿಸಿದ ಮೇಲೆ ಮನೆಯಲ್ಲಿ ಒಗ್ಗರಣೆಯ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಎಲ್ಲ ಸುಖದ ನಡುವೆ ಒಂದು ಸಂಗತಿ ಕಣ್ಣಿಗೆ ಚುಚ್ಚುತ್ತಿತ್ತು. ಬೇಯ ಓಣಿಗಳಲ್ಲಿ ಸುತ್ತುವಾಗ ಬಾಗಿಲಿನ ಪಕ್ಕ ನೋಡುತ್ತಾ ಹೋದೆ. ಅದೇ ಬೂದು ಪೆಟ್ಟಿಗೆ. ಪಕ್ಕದ ಮನೆಗೂ ಅದೇ. ಎದುರಿನದಕ್ಕೂ. ಕಿಟಕಿಯಲ್ಲಿ ಮರದ ಸೀಗಲ್ ಹಕ್ಕಿ, ಬಾಟಲಿಯೊಳಗಿನ ಹಡಗು; ಹೊರಗೆ ಒಣಹಾಕಿದ ಬಟ್ಟೆ ಕಾಣುವುದು ಅಪರೂಪ. ಹುಡುಗರ ಸೈಕಲ್ಲೂ ಇಲ್ಲ. ಆಗಸ್ಟ್‌ನಲ್ಲಿ ತುಂಬಿ ತುಳುಕುವ ಊರಿನಲ್ಲಿ ಜನವರಿಯ ರಾತ್ರಿ ಎಷ್ಟು ದೀಪ ಉರಿದೀತು? ಹೊರಗಿನವರು ಕೊಡುವ ಬೆಲೆಗೆ ಇಲ್ಲಿ ದುಡಿಯುವ ಹುಡುಗರು ಮನೆ ಕೊಳ್ಳಲಾರರು. ಬಾಡಿಗೆಗೆ ಹಿಡಿಯೋಣವೆಂದರೆ ತಿಂಗಳ ಬಾಡಿಗೆಗಿಂತ ವಾರದ ಬಾಡಿಗೆ ಲಾಭ.

2022ರ ಜೂನ್‌ನಲ್ಲಿ ವಿಟ್‌ಬಿಯ ಜನ ಮತ ಹಾಕಿದರು. ಹೊಸದಾಗಿ ಕಟ್ಟುವ ಮನೆಗಳು ವರ್ಷವಿಡೀ ವಾಸಿಸುವವರಿಗೇ ಮೀಸಲಾಗಬೇಕೇ ಎಂಬ ಪ್ರಶ್ನೆಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹೌದೆಂದರು. ಆ ಮತಕ್ಕೆ ಕಾನೂನಿನ ಬಲವಿರಲಿಲ್ಲ; ಆದರೂ ಸುದ್ದಿ ಲಂಡನ್ನಿಗೆ ಮುಟ್ಟಿತು. ಆಮೇಲೆ ಒಂದೊಂದೇ ಬಿಗಿ ಬಂತು. ಮೊದಲು, ಬಾಡಿಗೆಗೆ ಇಟ್ಟಿದ್ದೇನೆ ಎಂದು ಹೇಳಿಕೊಂಡರೆ ಸಾಕಿತ್ತು, ಮನೆಯನ್ನು ವ್ಯಾಪಾರವೆಂದು ಲೆಕ್ಕ ಹಿಡಿದು, ಸಣ್ಣ ವ್ಯಾಪಾರದ ರಿಯಾಯಿತಿಯಲ್ಲಿ ತೆರಿಗೆಯೇ ಇಲ್ಲದೆ ಪಾರಾಗುವವರಿದ್ದರು. 2023ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ವರ್ಷಕ್ಕೆ 140 ದಿನ ಬಾಡಿಗೆಗೆ ತೆರೆದಿರಬೇಕು, 70 ದಿನವಾದರೂ ನಿಜಕ್ಕೂ ಬಾಡಿಗೆ ಹೋಗಿರಬೇಕು. ವೇಲ್ಸ್‌ನಲ್ಲಿ ಅದು 182 ದಿನ. 2025ರ ಏಪ್ರಿಲ್‌ನಿಂದ ಉತ್ತರ ಯಾರ್ಕ್‌ಷೈರಿನ ಕೌನ್ಸಿಲ್ಲು ಎರಡನೆಯ ಮನೆಗಳ ತೆರಿಗೆಯನ್ನು ಇಮ್ಮಡಿ ಮಾಡಿದೆ. ಬಾಡಿಗೆಯವರು ಬಂದು ಹೋಗುವ ಮನೆಗಿಂತ, ವರ್ಷವೆಲ್ಲ ಬೀಗ ಜಡಿದು ಎರಡು ವಾರ ಮಾತ್ರ ತೆರೆಯುವ ಶ್ರೀಮಂತರ ಮನೆಯೇ ಊರಿಗೆ ಹೆಚ್ಚು ಹಾನಿ ಎಂದು ನನಗನ್ನಿಸುತ್ತದೆ. ನಾವು ಕೊನೆಗೆ ಏಡಿಯನ್ನಾದರೂ ಕೊಂಡೆವು, ರೈಲು ಹತ್ತಿದೆವು. ಇದು ಬಾಡಿಗೆಯವನ ವಾದ ಎಂದು ಯಾರಾದರೂ ಅಂದರೆ ಅದೂ ನಿಜವೇ.

ಬಿಡುವ ದಿನ ಬೆಳಿಗ್ಗೆ ಹತ್ತಕ್ಕೆ ಮನೆ ಖಾಲಿ ಮಾಡಬೇಕು, ನಾಲ್ಕಕ್ಕೆ ಮುಂದಿನವರು. ನಡುವಿನ ಆರು ಗಂಟೆ ಶುಚಿಮಾಡುವವರದು. ಬಂದ ಹೆಂಗಸಿಗೆ ಐವತ್ತೈದರ ಆಸುಪಾಸು, ಕೈತುಂಬ ಒಗೆದ ದುಪ್ಪಟಿ. ಅವರ ಮನೆ ವಿಟ್‌ಬಿಯಲ್ಲಿ. ಶನಿವಾರ ಈ ಓಣಿಯಲ್ಲೇ ನಾಲ್ಕು ಕಾಟೇಜು ಅವರ ಪಾಲಿಗೆ. ಮಗಳು ಮದುವೆಯಾಗಿ ಊರಲ್ಲೇ ಮನೆ ಹುಡುಕಿ ಸಿಗದೆ ಮಿಡಲ್ಸ್‌ಬರೋಗೆ ಹೋದಳಂತೆ. ಆ ಮತದಾನದಲ್ಲಿ ಯಾವ ಕಡೆಗೆ ಹಾಕಿದಿರಿ ಎಂದು ತಂಗಿಯ ಮಗಳು ಕೇಳಿದಳು. "ಹೌದು ಅಂತಲೇ ಹಾಕಿದೆ" ಎಂದು ದಿಂಬಿನ ಕವಚ ಕಿತ್ತರು. ಈ ಮನೆಗಳೆಲ್ಲ ಊರಿನವರದ್ದೇ ಆದರೆ ನಿಮ್ಮ ಶನಿವಾರದ ಸಂಬಳ? "ಅದನ್ನ ಕೇಳೋಕೆ ಮತಪತ್ರದಲ್ಲಿ ಜಾಗ ಇರಲಿಲ್ಲ" ಎಂದು ನಕ್ಕು, ಮುಂದಿನವರು ಎರಡು ನಾಯಿ, ಒಂದು ಕೂಸನ್ನು ಕರೆತರುತ್ತಿದ್ದಾರೆ, ತೊಟ್ಟಿಲು ಮಹಡಿಗೆ ಏರಿಸಬೇಕು, ಹೊತ್ತಾಯಿತು ಎಂದರು. ಅಳಿಯ ತೊಟ್ಟಿಲಿನ ಒಂದು ತುದಿ ಹಿಡಿದ. ಮಹಡಿಯ ಮೆಟ್ಟಿಲಿಗೆ ಅದು ಅಡ್ಡಡ್ಡ ಸಿಕ್ಕಿ, ತಿರುಗಿಸಿ, ಓರೆ ಮಾಡಿ, ಅಂತೂ ಮೇಲೆ ಹೋಯಿತು.

"ಹೇಗೂ ಕಾರಿನವರೆಗೆ ಹತ್ತುತ್ತೀರಲ್ಲ, ಖಾಲಿ ಬಾಟಲಿ ಇದ್ದರೆ ಮೇಲಿನ ಗಾಜಿನ ತೊಟ್ಟಿಗೆ ಹಾಕಿಬಿಡಿ" ಎಂದರು. ನಮ್ಮದು ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿ ಒಂದೇ. ಇಷ್ಟೇನಾ ಎಂದು ಅವರು ಪಕ್ಕದ ಕಾಟೇಜಿನವರು ಬಿಟ್ಟುಹೋದ ವೈನ್ ಬಾಟಲಿಗಳ ಎರಡು ಚೀಲವನ್ನೂ ಅಳಿಯನ ಕೈಗೆ ಕೊಟ್ಟರು.